ಹದಿನಾಲ್ಕನೆಯ ಫ್ರೇಮು

ಮಾರ್ಚ್ ೧೧

ಕುಳ್ಳಿಗೆ,

ನಾಲ್ಕು ದಿನದಿಂದ ಫೋನ್ ಮಾಡುತ್ತಲೇ ಇದ್ದೀಯ. ನಾನು ಎತ್ತುತ್ತಿಲ್ಲ. ಎತ್ತಿದರೆ ಬೈಯುತ್ತೇನೆ, ನೀನು ಅಳುತ್ತೀಯ, ಆಮೇಲೆ ನಾನೇ ಸಮಾಧಾನ ಮಾಡಬೇಕಾಗುತ್ತದೆ. ನೀನು ಹುಟ್ಟಿದಾಗಿನಿಂದ ಇದೇ ನಡೆದಿದೆ. ಅದಕ್ಕೆ ಈ ಸಲ ಕಾಗದ. ಇದನ್ನು ಓದಿ ನೀನು ಅತ್ತರೂ ನನಗೆ ಕೇಳಿಸುವುದಿಲ್ಲ.

ಸೋಮವಾರ ನಗರಸಭೆಯಲ್ಲಿ ನನ್ನ ದೂರಿನ ವಿಚಾರಣೆ ಇತ್ತು. ಎದುರು ಕಟ್ಟಡದ ಜಾಹೀರಾತು ಪರದೆ ರಾತ್ರಿ ಒಂದು ಗಂಟೆಯವರೆಗೆ ಉರಿಯುತ್ತದೆ, ನಮಗಿರುವ ಒಂದೇ ಕೋಣೆ ಹಗಲಾಗಿಬಿಡುತ್ತದೆ ಎಂದು ಹೇಳಿದೆ. ಕಪ್ಪು ಬಟ್ಟೆ ಕಟ್ಟಿದರೆ ಇರುವ ಒಂದು ಕಿಟಕಿಯೂ ಮುಚ್ಚಿ ಉಸಿರು ಕಟ್ಟುತ್ತದೆ. ಅಡುಗೆಮನೆಯಲ್ಲಿ ಮಲಗಿ ನೋಡಿದೆ, ಕಾಲು ಚಾಚಿದರೆ ಫ್ರಿಜ್ಜು. ನಾಲ್ಕು ನಲವತ್ತರ ಮೊದಲ ಬಸ್ಸು ಓಡಿಸುವವಳು ನಾನು, ಎಂಟಕ್ಕೆ ಮಲಗಿ ಮೂರಕ್ಕೆ ಏಳಬೇಕು ಎಂದೂ ಹೇಳಿದೆ. ಜನವರಿಯಲ್ಲಿ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಕಣ್ಣು ಮುಚ್ಚಿಹೋಗಿ, ಬ್ರೇಕಿನ ಮೇಲಿದ್ದ ಕಾಲು ಸಡಿಲಾಗಿ, ಬಸ್ಸು ಮುಂದಿನ ಕಾರಿಗೆ ತಾಗಿದ್ದನ್ನೂ ಮುಚ್ಚಿಡಲಿಲ್ಲ. ಯಾರಿಗೂ ಪೆಟ್ಟಾಗಲಿಲ್ಲ, ನನ್ನ ಪುಣ್ಯ. ಡಿಪೋ ಮ್ಯಾನೇಜರ್ ಕೊಟ್ಟ ಎಚ್ಚರಿಕೆ ಪತ್ರ ಮೇಜಿನ ಮೇಲಿಟ್ಟೆ. ಜೂನ್ ಕೊನೆಗೆ ಡಾಕ್ಟರ ಮುಂದೆ ಮರುಪರೀಕ್ಷೆ. ಅದರಲ್ಲಿ ತಪ್ಪಿದರೆ ನನಗೆ ಸ್ಟಿಯರಿಂಗ್ ಇಲ್ಲ, ಬಸ್ಸು ತೊಳೆಯುವ ವಿಭಾಗಕ್ಕೆ ಹೋಗಬೇಕು.

ಆಗ ಪರದೆ ಕಂಪನಿಯ ಮ್ಯಾನೇಜರ್ ಎದ್ದು ಅಧಿಕಾರಿಯ ಮುಂದೆ ಒಂದು ದೊಡ್ಡ ಫೋಟೋ ಹಿಡಿದ. "ಮೇಡಂ, ಇದೇ ಬೀದಿ, ಇದೇ ಪರದೆ. ಇದರಲ್ಲಿ ಎಲ್ಲಿ ಕಣ್ಣು ಕುಕ್ಕುತ್ತೆ, ನೀವೇ ಹೇಳಿ."

ಅಧಿಕಾರಿ ಕನ್ನಡಕ ಏರಿಸಿ ನೋಡಿದರು. "ಚೆನ್ನಾಗಿದೆಯಲ್ಲರೀ. ಇಂಥ ಬೀದೀಲಿ ಮನೆ ಸಿಕ್ಕಿದ್ರೆ ನಾನೂ ಹೋಗ್ತಿದ್ದೆ" ಅಂದರು.

ಫೋಟೋದ ಮೂಲೆಯಲ್ಲಿ ನಿನ್ನ ಹೆಸರಿತ್ತು.

ಹೋದ ವರ್ಷ ನಮ್ಮ ತಾರಸಿಯ ಮೇಲೆ ನಿಂತು ತೆಗೆದದ್ದು. ಗಾಳಿಗೆ ಟ್ರೈಪಾಡ್ ಅಲ್ಲಾಡದಿರಲಿ ಎಂದು ಅದರ ಕೆಳಗೆ ನೀರಿನ ಕ್ಯಾನು ಕಟ್ಟಿದವಳು ನಾನು. "ಯಾರಿಗೇ ಇದು?" ಅಂದರೆ "ಯಾವುದೋ ಕಂಪನಿಗೆ ಬಿಡೇ" ಅಂದಿದ್ದೆ ನೀನು.

ಜೂನ್ ಹತ್ತಕ್ಕೆ ಕೊನೆಯ ವಿಚಾರಣೆ. ಅಷ್ಟರೊಳಗೆ ನಾನು ಹೇಳಿದ್ದು ನಿಜವೆಂದು ತೋರಿಸಬೇಕಂತೆ.

ನಿನ್ನ ಅಕ್ಕ


ಮಾರ್ಚ್ ೧೮

ಅಕ್ಕ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಅಳಲಿಲ್ಲ. ಅಳುವ ಹಕ್ಕು ನನ್ನದಲ್ಲ ಅನ್ನಿಸಿತು.

ಆ ಫೋಟೋ ಹೇಗಾಯಿತೆಂದು ನಿನಗೆ ಹೇಳಬೇಕು. ಇದನ್ನು ಸಮರ್ಥನೆ ಎಂದುಕೊಳ್ಳಬೇಡ. ಅಥವಾ ಸ್ವಲ್ಪ ಸಮರ್ಥನೆಯೇ ಇರಬಹುದು. ಬರೆಯುತ್ತ ಹೋದ ಹಾಗೆ ನನಗೇ ತಿಳಿದೀತು.

ನಮ್ಮ ಕಣ್ಣು ಕತ್ತಲನ್ನೂ ಬೆಳಕನ್ನೂ ಒಟ್ಟಿಗೆ ನಿಭಾಯಿಸುತ್ತದೆ. ಕ್ಯಾಮೆರಾಗೆ ಅದು ಆಗದು. ಬೀದಿ ಕಾಣುವಷ್ಟು ಹೊತ್ತು ಶಟರ್ ತೆರೆದಿಟ್ಟರೆ ಪರದೆ ಸುಟ್ಟು ಬರಿಯ ಬಿಳಿ ಚೌಕವಾಗುತ್ತದೆ. ಪರದೆ ಸರಿಯಾಗಿ ಬರಲಿ ಎಂದು ಶಟರ್ ಬೇಗ ಮುಚ್ಚಿದರೆ ಬೀದಿ ಮಸಿಯಾಗುತ್ತದೆ. ಅದಕ್ಕೇ ಸೂರ್ಯ ಮುಳುಗಿ ಆಕಾಶದಲ್ಲಿ ಇನ್ನೂ ನೀಲಿ ಉಳಿದಿರುವ ಇಪ್ಪತ್ತು ನಿಮಿಷಗಳಲ್ಲಿ ಐದು ಫೋಟೋ ತೆಗೆದು, ಒಂದೊಂದರಲ್ಲಿ ಚೆನ್ನಾಗಿ ಬಂದ ಭಾಗವನ್ನು ಸೇರಿಸಿ ಒಂದು ಮಾಡುತ್ತೇನೆ. ನನ್ನನ್ನು ಕೆಲಸಕ್ಕೆ ಕರೆಯುವುದೇ ಇದಕ್ಕಾಗಿ. ಜೋರು ದೀಪಗಳನ್ನು ಸಾಧುವಾಗಿಸುವವಳು ಎಂದು ಹೆಸರು.

ಅಂದರೆ ನೀನು ನೋಡಿದ ಬೀದಿ ಯಾವ ಒಂದು ಕ್ಷಣದಲ್ಲೂ ಹಾಗೆ ಇರಲಿಲ್ಲ. ಅದನ್ನು ಜಾಹೀರಾತಿಗೆಂದು ಕೊಟ್ಟೆ, ಸಾಕ್ಷಿಗೆಂದು ಕೊಡಲಿಲ್ಲ. ಆದರೆ ಕೊಟ್ಟ ಮೇಲೆ ಅದು ಎಲ್ಲಿಗೆ ಹೋಗುತ್ತದೆ ಎಂದು ನಾನು ಯಾವತ್ತಾದರೂ ಕೇಳಿದ್ದುಂಟೇ? ಇಲ್ಲ.

ಕ್ಷಮಿಸು ಎಂದು ಬರೆದು ಹೊಡೆದುಹಾಕಿದ್ದೇನೆ. ಅಷ್ಟು ಅಗ್ಗವಾಗಿ ಕೇಳಬಾರದು.

ನಿನ್ನ ತಂಗಿ


ಮಾರ್ಚ್ ೨೯

ಕುಳ್ಳಿಗೆ,

ಪಾಠ ಅರ್ಥವಾಯಿತು. ಈಗ ನನ್ನ ಪ್ರಶ್ನೆಗೆ ಉತ್ತರ ಕೊಡು.

ಐದು ಸೇರಿಸಿ ಒಂದು ಮಾಡಿದೆ ಅಂತೀಯ. ಸೇರಿಸುವ ಮೊದಲಿನ ಬಿಡಿ ಫೋಟೋಗಳು ಎಲ್ಲಿವೆ? ಆ ಬಿಳಿ ಚೌಕ ಇದೆಯಲ್ಲ, ಅದು ಬೇಕು ನನಗೆ. ನನ್ನ ಕೋಣೆಗೆ ನುಗ್ಗುವುದು ಅದೇ.

ನಿನ್ನೆ ಡಿಪೋದಲ್ಲಿ ಒಬ್ಬ ಡ್ರೈವರ್ ತಮಾಷೆ ಮಾಡಿದ. "ಅಕ್ಕೋರೇ, ಬಸ್ಸು ತೊಳೆಯೋಕೆ ಬಂದ್ರೆ ನಂದನ್ನ ಮೊದಲು ತೊಳೀರಿ, ಹಿಂದಿನ ಸೀಟಲ್ಲಿ ಯಾವನೋ ವಾಂತಿ ಮಾಡಿದಾನೆ." ಎಲ್ಲರೂ ನಕ್ಕರು. ನಾನೂ ನಕ್ಕೆ. ಈ ಸ್ಟಿಯರಿಂಗ್ ಹಿಡಿಯಲು ಆರು ವರ್ಷ ಬಾಗಿಲು ಬಡಿದವಳು ನಾನು. ಅದನ್ನು ಯಾರದೋ ಸೋಪಿನ ಜಾಹೀರಾತಿಗೆ ಬಿಟ್ಟುಕೊಡುವುದಿಲ್ಲ.

ಬೇಗ ಬರೆ.

ನಿನ್ನ ಅಕ್ಕ


ಏಪ್ರಿಲ್ ೪

ಅಕ್ಕ,

ಬಿಡಿ ಫೋಟೋಗಳು ಉಳಿದಿಲ್ಲ. ಕೆಲಸ ಮುಗಿದ ಮೇಲೆ ಸುಟ್ಟ ಫ್ರೇಮುಗಳನ್ನು ನಾನು ಇಟ್ಟುಕೊಳ್ಳುವುದಿಲ್ಲ.

ಆದರೆ ನೀನೇ ತೆಗೆಯಬಹುದು. ನನ್ನ ಹಳೆಯ ಪುಟ್ಟ ಕ್ಯಾಮೆರಾ ನಿಮ್ಮ ಬೀರುವಿನ ಮೇಲೆಯೇ ಇದೆ. ಅದನ್ನು ಕೈಯಲ್ಲಿ ಹಿಡಿಯಬೇಡ, ಕಿಟಕಿಯ ಅಂಚಿನ ಮೇಲಿಡು. ಗುಂಡಿ ಒತ್ತುವಾಗಲೂ ಅದು ಅಲ್ಲಾಡುತ್ತದೆ, ಆದ್ದರಿಂದ ಎರಡು ಸೆಕೆಂಡಿನ ಟೈಮರ್ ಹಾಕಿ ಕೈ ತೆಗೆ. ಫ್ಲಾಶ್ ಬೇಡ. ಲೆನ್ಸನ್ನು ಒರೆಸು, ಬೆರಳಿನ ಒಂದು ಗುರುತಿದ್ದರೂ ಪ್ರತಿ ದೀಪಕ್ಕೂ ಬಾಲ ಬೆಳೆಯುತ್ತದೆ. ಅತಿ ಪ್ರಕಾಶಮಾನವಾದದ್ದು ಯಾವುದೋ ಅದಕ್ಕೆ ತಕ್ಕ ಹಾಗೆ ಬೆಳಕನ್ನು ಇಳಿಸು. ಕತ್ತಲಾದ ಭಾಗವನ್ನು ಆಮೇಲೆ ಸ್ವಲ್ಪ ಎತ್ತಬಹುದು. ಸುಟ್ಟು ಬಿಳಿಯಾದದ್ದರಲ್ಲಿ ಎತ್ತಲು ಏನೂ ಉಳಿದಿರುವುದಿಲ್ಲ. ರಾತ್ರಿಯ ಫೋಟೋದಲ್ಲಿ ನಾನು ಕಲಿತ ಮೊದಲ ಪಾಠ ಇದು.

ತೆಗೆದದ್ದನ್ನು ಪ್ರಿಂಟ್ ಹಾಕಿಸಿ ಕಳಿಸು. ತಿದ್ದಿ ಹೇಳುತ್ತೇನೆ.

ನಿನ್ನ ತಂಗಿ


ಏಪ್ರಿಲ್ ೨೨

ಕುಳ್ಳಿಗೆ,

ನೀನು ಹೇಳಿದ ಹಾಗೆಯೇ ಮಾಡಿದೆ. ಮೊದಲ ದಿನ ಪರದೆ ಎಷ್ಟು ಚೆನ್ನಾಗಿ ಬಂತೆಂದರೆ ನಿನ್ನ ಭಾವ ನೋಡಿ, "ಈ ಸೋಪು ನಮ್ಮನೇಲೂ ತರೋಣ ಕಣೇ" ಅಂದರು. ಅವರ ಕೈಗೆ ಕ್ಯಾಮೆರಾ ಕೊಡಲಿಲ್ಲ, ಸದ್ಯ.

ಎರಡನೆಯ ದಿನ ಕೂತು ಯೋಚಿಸಿದೆ. ನಿನ್ನ ಪಾಠವೆಲ್ಲ ಬೆಳಕನ್ನು ಅಂದವಾಗಿಸುವುದಕ್ಕೆ. ನನಗೆ ಬೇಕಾದದ್ದು ಅದಲ್ಲವಲ್ಲ. ಕತ್ತಲಲ್ಲಿ ಎದುರಿನಿಂದ ಲಾರಿ ಜೋರು ದೀಪ ಹಾಕಿಕೊಂಡು ಬಂದರೆ ನಾವು ಡ್ರೈವರುಗಳು ಆ ದೀಪವನ್ನು ನೋಡುವುದಿಲ್ಲ. ರಸ್ತೆಯ ಅಂಚಿನ ಬಿಳಿ ಗೆರೆ ಹಿಡಿದು ಹೋಗುತ್ತೇವೆ. ಹಾಗೆಯೇ ಮಾಡಿದೆ. ಕ್ಯಾಮೆರಾವನ್ನು ಕಿಟಕಿಯಿಂದ ತಿರುಗಿಸಿ ಕೋಣೆಯ ಕಡೆ ಇಟ್ಟೆ. ಮನೆಯ ದೀಪವೆಲ್ಲ ಆರಿಸಿದೆ. ಹಾಸಿಗೆ, ಗೋಡೆ, ಬಾಯಿ ತೆರೆದು ಮಲಗಿರುವ ನಿನ್ನ ಭಾವ, ಅವರ ಎದೆಯ ಮೇಲೆ ಡಿಪೋದ ಎಚ್ಚರಿಕೆ ಪತ್ರ. ಪತ್ರದ ಪ್ರತಿ ಅಕ್ಷರವನ್ನೂ ಓದಬಹುದು. ಆ ಮನುಷ್ಯನಿಗೆ ಸಿಡಿಲು ಬಡಿದರೂ ಎಚ್ಚರವಿಲ್ಲ. ಪ್ರಿಂಟ್ ಒಂದು ಇದರ ಜೊತೆಗಿದೆ.

ಇದನ್ನು ನೋಡಿ ಹಿಗ್ಗಿಬಿಡಬೇಡ. ಮೊನ್ನೆ ನಗರಸಭೆಯ ವಿಚಾರಣೆಗೆ ತೆಗೆದುಕೊಂಡು ಹೋಗಿದ್ದೆ. ಮ್ಯಾನೇಜರ್ ಒಂದು ನಿಮಿಷದಲ್ಲಿ ಹೊಡೆದುಹಾಕಿದ. "ಕ್ಯಾಮೆರಾ ಅಂದ್ಮೇಲೆ ಎಷ್ಟು ಬೇಕಾದ್ರೂ ಬೆಳಕು ಜಾಸ್ತಿ ಮಾಡ್ಬಹುದು ಮೇಡಂ. ಮೋಂಬತ್ತಿ ಬೆಳಕಲ್ಲೂ ಹೀಗೇ ಬರತ್ತೆ." ನಿಜವೇನು ಅದು? ಅಧಿಕಾರಿ ನನ್ನ ಮುಖ ನೋಡಿದರು.

"ಹೋಗ್ಲಿ, ರಾತ್ರಿ ಹೊತ್ತು ಸ್ವಲ್ಪ ಕಡಿಮೆ ಮಾಡೋಕಾದ್ರೂ ಆಗತ್ತೇನ್ರೀ?" ಎಂದು ಅಧಿಕಾರಿ ಕೇಳಿದರು. "ಇಲ್ಲ ಮೇಡಂ. ಈ ಪರದೆ ಉರಿಯೋದೇ ಒಂದು ಮಟ್ಟದಲ್ಲಿ. ಆನ್ ಇಲ್ಲಾ ಆಫ್. ಬೇರೆ ವ್ಯವಸ್ಥೆ ಇಲ್ಲ" ಎಂದ. ಅದನ್ನು ಬರೆದೂ ಕೊಟ್ಟ. ಪೂರ್ತಿ ಆರಿಸಿ ಎನ್ನಲು ಗಟ್ಟಿ ಸಾಕ್ಷಿ ಬೇಕು ಎಂದರು ಅವರು.

ನಿನ್ನೆ ಬಸ್ಸಿನಲ್ಲಿ ಕಣ್ಣು ಎಳೆದಾಗ ಕೆನ್ನೆಯ ಒಳಭಾಗ ಕಚ್ಚಿ ಹಿಡಿದೆ. ಮೂವತ್ತೆಂಟು ಜನ ಇದ್ದರು. ಇದನ್ನು ನಿನಗೆ ಮಾತ್ರ ಬರೆಯುತ್ತಿದ್ದೇನೆ.

ನಿನ್ನ ಅಕ್ಕ


ಮೇ ೧೯

ಅಕ್ಕ,

ನಾಲ್ಕು ವಾರ ಉತ್ತರ ಬರೆಯಲಿಲ್ಲ. ಕೆಲಸ ಇತ್ತು ಎನ್ನಬಹುದು. ಇರಲಿಲ್ಲ.

ಮೊದಲು ಒಂದು ಮಾತು. ನೀನು ಕಳಿಸಿದ ಫೋಟೋ ನಾನು ಈವರೆಗೆ ತೆಗೆದ ಎಲ್ಲ ರಾತ್ರಿಗಳಿಗಿಂತ ನಿಜವಾದದ್ದು. ಇಪ್ಪತ್ತು ವರ್ಷ ದೀಪಗಳ ಕಡೆಗೇ ಮುಖ ಮಾಡಿ ನಿಂತಿದ್ದೇನೆ. ಆ ಬೆಳಕು ಯಾರ ಮೇಲೆ ಬೀಳುತ್ತಿದೆ ಎಂದು ತಿರುಗಿ ನೋಡುವುದು ನನಗೆ ಹೊಳೆಯಲೇ ಇಲ್ಲ. ಆದರೆ ಮ್ಯಾನೇಜರ್ ಹೇಳಿದ್ದೂ ಸುಳ್ಳಲ್ಲ. ಹೋಲಿಸಿ ನೋಡಲು ಇನ್ನೊಂದಿಲ್ಲದೆ ಒಂದೇ ಫೋಟೋ ಏನನ್ನೂ ಸಾಬೀತು ಮಾಡದು.

ಆತ ಹೇಳಿದ ಇನ್ನೊಂದು ಮಾತು ಮಾತ್ರ ಸುಳ್ಳು. ಅದು ಸುಳ್ಳೆಂದು ಗೊತ್ತಿರುವವರಲ್ಲಿ ನಾನೂ ಒಬ್ಬಳು.

ಆ ಸಂಜೆ ನಿಮ್ಮ ತಾರಸಿಯ ಮೇಲೆ ಎಷ್ಟು ಪ್ರಯತ್ನಿಸಿದರೂ ಪರದೆ ಸುಟ್ಟೇ ಬರುತ್ತಿತ್ತು. ಐದಲ್ಲ, ಐವತ್ತು ಸೇರಿಸಿದರೂ ಅದು ಹಿಡಿತಕ್ಕೆ ಬರುವಂತಿರಲಿಲ್ಲ. ಕಂಪನಿಯ ಆಪರೇಟರಿಗೆ ಫೋನ್ ಮಾಡಿ, "ಸ್ವಲ್ಪ ಇಳಿಸ್ತೀರಾ?" ಎಂದೆ. "ಎಷ್ಟಕ್ಕೆ ಮೇಡಂ?" ಎಂದರು. "ಕಾಲು ಭಾಗಕ್ಕೆ." ನಾನು ಫೋನ್ ಕಿವಿಯಿಂದ ತೆಗೆಯುವುದರೊಳಗೆ ಇಳಿಯಿತು. ನೀನು ಆಗ ಚಹಾ ತರಲು ಕೆಳಗೆ ಹೋಗಿದ್ದೆ.

ಹದಿನಾಲ್ಕನೆಯ ಫ್ರೇಮು ಇಳಿಸುವ ಮೊದಲಿನದು. ಹದಿನೈದನೆಯದು ಇಳಿಸಿದ ಮೇಲಿನದು. ನಡುವೆ ಎರಡು ನಿಮಿಷ. ಕ್ಯಾಮೆರಾದಲ್ಲಿ ನಾನು ಏನನ್ನೂ ಬದಲಿಸಿರಲಿಲ್ಲ.

ಎರಡೂ ನನ್ನ ಬಳಿ ಇವೆ. ಏಪ್ರಿಲ್ ನಾಲ್ಕರಂದು ಇಲ್ಲ ಎಂದು ಬರೆದಾಗಲೂ ಇದ್ದವು. ನಾನು ಏನನ್ನೂ ಎಸೆಯುವವಳಲ್ಲ, ನಿನಗೇ ಗೊತ್ತು. ಸುಳ್ಳು ಬರೆದು, ಆಮೇಲೆ ಅರ್ಧ ಪುಟ ಪಾಠ ಹೇಳಿಕೊಟ್ಟೆ. ಅಷ್ಟು ಸಲೀಸಾಗಿ ಬರೆದೆ ಎಂಬುದೇ ಈಗ ನನ್ನನ್ನು ಹೆದರಿಸುವುದು.

ಏಕೆ ಎಂದರೆ ಉತ್ತರ ಸಣ್ಣದು. ನನ್ನ ಕೆಲಸದಲ್ಲಿ ಮುಕ್ಕಾಲು ಪಾಲು ಆ ಕಂಪನಿಯಿಂದ, ಇಲ್ಲವೇ ಅವರು ಹೇಳಿ ಕಳಿಸಿದವರಿಂದ ಬರುತ್ತದೆ. ಅವರ ವಿರುದ್ಧ ನಿಂತ ಫೋಟೋಗ್ರಾಫರನ್ನು ನಾಳೆ ಯಾರು ಕರೆದಾರು? ಇದನ್ನೇ ದಿನಾ ಕೇಳಿಕೊಂಡೆ. ಮೂವತ್ತೆಂಟು ಜನರ ಮಾತು ಓದಿದ ಮೇಲೂ ಕೇಳಿಕೊಳ್ಳುತ್ತಿದ್ದೆ. ಅಷ್ಟು ದಿನ ಹಿಡಿಯಬೇಕಾಗಿತ್ತೇ? ಬೇಕಾಗಿರಲಿಲ್ಲ.

ಜೂನ್ ಹತ್ತಕ್ಕೆ ನಾನೇ ಬರುತ್ತೇನೆ. ನೀನು ಬೇಡ ಎಂದರೂ ಬರುತ್ತೇನೆ.

ನಿನ್ನ ತಂಗಿ


ಮೇ ೨೪

ಹನ್ನೊಂದು ಗಂಟೆಗೆ. ಎರಡನೆಯ ಮಹಡಿ, ಮೆಟ್ಟಿಲು ಹತ್ತಿದ ಕೂಡಲೇ ಎಡಗಡೆಯ ಕೋಣೆ. ನನಗೆ ಅಂದು ಡ್ಯೂಟಿ, ಇನ್ನೊಂದು ರಜೆ ಕೇಳುವ ಮುಖವಿಲ್ಲ. ನನ್ನ ಪರವಾಗಿ ನಿನ್ನ ಭಾವ ಬರುತ್ತಾರೆ.

ನಿನ್ನ ಕಾಗದದ ಬಗ್ಗೆ ಈಗ ಏನೂ ಬರೆಯುವುದಿಲ್ಲ. ಬರೆದರೆ ನೀನು ಬರದೇ ಹೋದೀಯ.

ಅಕ್ಕ


ಜೂನ್ ೧೩

ಅಕ್ಕ,

ಭಾವ ಎಲ್ಲವನ್ನೂ ಒಂದೇ ವಾಕ್ಯದಲ್ಲಿ ಹೇಳಿ ಮಲಗಿಕೊಂಡಿರುತ್ತಾರೆ. ಅದಕ್ಕೆ ನಾನು ಬರೆಯುತ್ತಿದ್ದೇನೆ.

ಮ್ಯಾನೇಜರ್ ನನ್ನನ್ನು ನೋಡಿ ಮೊದಲು ನಕ್ಕರು. ತಮ್ಮ ಪರವಾಗಿ ಬಂದಿದ್ದೇನೆ ಎಂದುಕೊಂಡರೋ ಏನೋ. "ಅರೆ, ನೀವೇನ್ ಮೇಡಂ ಇಲ್ಲಿ?" ಎಂದು ಕುರ್ಚಿ ಎಳೆದುಕೊಟ್ಟರು. ಆ ಕುರ್ಚಿಯಲ್ಲಿ ನಾನು ಕೂರಲಿಲ್ಲ. ಕೂತರೆ ಏಳಲಾರೆ ಎಂಬ ಭಯ ನನಗಿತ್ತು.

ನಾನು ಯಾರು, ಆ ದೊಡ್ಡ ಫೋಟೋ ಹೇಗೆ ತಯಾರಾಯಿತು ಎಂದು ಹೇಳಿದೆ. ಆಮೇಲೆ ಹದಿನಾಲ್ಕನ್ನೂ ಹದಿನೈದನ್ನೂ ಅಕ್ಕಪಕ್ಕ ಇಟ್ಟೆ.

ಅಧಿಕಾರಿ ಹದಿನಾಲ್ಕರ ಮೇಲೆ ಬೆರಳಿಟ್ಟರು. "ಇದೇನು, ಇಲ್ಲಿ ಕಾಗದ ಹರಿದಿದೆಯಾ?"

"ಇಲ್ಲ ಮೇಡಂ. ಅದು ಪರದೆ."

"ಪರದೇಲಿ ಏನಿತ್ತು?"

"ಸೋಪಿನ ಜಾಹೀರಾತು."

"ಸೋಪೆಲ್ಲಿ ಕಾಣತ್ತೆ?"

"ಹದಿನೈದರಲ್ಲಿ ನೋಡಿ, ಕಾಣತ್ತೆ. ನಾನು ಹೇಳಿದ ಮೇಲೆ ಅವರ ಆಫೀಸಿನಿಂದ ಬೆಳಕನ್ನ ಕಾಲು ಭಾಗಕ್ಕೆ ಇಳಿಸಿದ್ರು. ಆಮೇಲೆ ತೆಗೆದದ್ದು."

ಮ್ಯಾನೇಜರರ ನಗು ನಿಂತಿತು. "ಮೇಡಂ, ಇವರು ಕ್ಯಾಮೆರಾದಲ್ಲೇ ಏನೋ ಮಾಡಿದಾರೆ. ಇವರ ಕೆಲಸಾನೇ ಅದು. ಅವರೇ ಈಗ ಒಪ್ಕೊಂಡ್ರಲ್ಲ."

ಇದು ಬರುತ್ತದೆಂದು ಗೊತ್ತಿತ್ತು. ನಾಲ್ಕು ರಾತ್ರಿ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದೆ. ಎರಡೂ ಫೋಟೋಗಳ ಕೆಳಭಾಗದಲ್ಲಿ ನಿಮ್ಮ ಬೀದಿಯ ದೀಪದ ಕಂಬವಿದೆಯಲ್ಲ, ಅದನ್ನು ತೋರಿಸಿದೆ. "ಮೇಡಂ, ಈ ಬೀದಿದೀಪ ನೋಡಿ. ಎರಡರಲ್ಲೂ ಒಂದೇ ಥರ ಇದೆ. ಕೆಳಗಿನ ಔಷಧಿ ಅಂಗಡಿ ಬೋರ್ಡು, ಅದೂ ಹಾಗೇ ಇದೆ. ನಾನು ಕ್ಯಾಮೆರಾದಲ್ಲಿ ಬೆಳಕು ಹೆಚ್ಚುಕಡಿಮೆ ಮಾಡಿದ್ರೆ ಎಲ್ಲವೂ ಹೆಚ್ಚುಕಡಿಮೆ ಆಗಬೇಕಿತ್ತು. ಬೀದೀಲಿ ಬದಲಾಗಿರೋದು ಒಂದೇ ಒಂದು."

ಅಧಿಕಾರಿ ಭೂತಗನ್ನಡಿ ತರಿಸಿದರು. ಬಹಳ ಹೊತ್ತು ನೋಡಿದರು. ಪಕ್ಕದಲ್ಲಿ ಭಾವನೂ ಕತ್ತು ಚಾಚಿ ನೋಡಿದರು. ಅವರು ಎಚ್ಚರವಾಗಿಯೇ ಇದ್ದರು, ಆಣೆ.

ಆಮೇಲೆ ಫೈಲು ತಿರುವಿ ಮ್ಯಾನೇಜರ್ ಬರೆದುಕೊಟ್ಟಿದ್ದ ಹಾಳೆ ತೆಗೆದರು. "ಇಳಿಸೋ ವ್ಯವಸ್ಥೆ ಇಲ್ಲ ಅಂತ ಇಲ್ಲಿ ಸಹಿ ಹಾಕಿರೋದು ನೀವೇ ಅಲ್ವೇನ್ರೀ?"

ಮ್ಯಾನೇಜರ್ ನನ್ನ ಕಡೆ ನೋಡಿದರು. ಅಧಿಕಾರಿಯ ಕಡೆ ನೋಡಲಿಲ್ಲ.

ನೀನು ತೆಗೆದ ಕೋಣೆಯ ಫೋಟೋವನ್ನೂ ಅವರು ಮತ್ತೆ ತೆಗೆದು ಪಕ್ಕದಲ್ಲಿ ಇಟ್ಟುಕೊಂಡರು. "ಇದನ್ನ ತೆಗೆದವರು ಯಾರು?" ಎಂದರು. ಬಸ್ಸು ಓಡಿಸುವ ನನ್ನ ಅಕ್ಕ ಎಂದೆ. "ಇದರಲ್ಲಿ ಮಲಗಿರೋರು?" ಭಾವ ಎದ್ದು ನಿಂತು, "ನಾನೇ" ಎಂದರು. ಶಾಲೆಯಲ್ಲಿ ಹಾಜರಿ ಹೇಳಿದ ಹಾಗೆ.

ಆದೇಶ ಎರಡು ವಾರದಲ್ಲಿ ಬರುತ್ತದಂತೆ. ಏನು ಬರುತ್ತದೋ ಹೇಳಲಾರೆ. ನಿನ್ನ ಮನೆಗೆ ಬರಲಿಲ್ಲ. ಬಾಗಿಲವರೆಗೆ ಬಂದು ಹಿಂದಿರುಗಿದೆ. ನೀನು ಡ್ಯೂಟಿ ಮುಗಿಸಿ ಬರುವ ಹೊತ್ತಾಗಿತ್ತು.

ನಿನ್ನ ತಂಗಿ


ಜುಲೈ ೬

ಕುಳ್ಳಿಗೆ,

ಆದೇಶ ಬಂತು. ಕತ್ತಲಾದ ಕೂಡಲೇ ಕಾಲು ಭಾಗ, ಎಂಟಕ್ಕೆ ಪೂರ್ತಿ ಆಫ್, ಬೆಳಿಗ್ಗೆ ಆರರವರೆಗೆ. ಸುಳ್ಳು ಬರೆದುಕೊಟ್ಟದ್ದಕ್ಕೆ ಕಂಪನಿಗೆ ಬೇರೆ ನೋಟಿಸು.

ಮೊದಲ ದಿನ ಎಂಟಕ್ಕೆ ಆರಿತು. ನನಗೆ ನಿದ್ದೆ ಬರಲಿಲ್ಲ! ಹತ್ತರವರೆಗೆ ಕಣ್ಣು ಬಿಟ್ಟುಕೊಂಡು ಕತ್ತಲನ್ನೇ ನೋಡಿದೆ. ಎರಡನೆಯ ದಿನ ಮಲಗಿದ್ದು ಗೊತ್ತು, ಮಧ್ಯೆ ಏನೂ ಇಲ್ಲ, ಮೂರರ ಅಲಾರಂ. ಯಾವ ಊರು, ಯಾವ ವಾರ ಎಂದು ಯೋಚಿಸಬೇಕಾಯಿತು. ಪರೀಕ್ಷೆಯ ಹೊತ್ತಿಗೆ ಅಂಥ ಮೂರೇ ರಾತ್ರಿ ಸಿಕ್ಕಿದ್ದವು, ಅಷ್ಟು ಸಾಕಾಯಿತು. ಪಾಸಾದೆ. ಪರೀಕ್ಷೆ ಮಾಡಿದ ಡಾಕ್ಟರು, "ಇನ್ನೂ ಹತ್ತು ವರ್ಷ ಓಡಿಸ್ತೀರಿ ಬಿಡಿ" ಅಂದರು. "ಹನ್ನೊಂದು" ಅಂದೆ.

ಈಗ ನಿನ್ನ ವಿಷಯ. ಸುಳ್ಳು ಹೇಳಿದ್ದಕ್ಕೆ ಕೋಪ ಇದೆ. ಬಹಳ ದಿನ ಇರುತ್ತದೆ, ನೀನು ಅದಕ್ಕೆ ಹೊಂದಿಕೊಳ್ಳಬೇಕು. ಆ ಆರು ವಾರದಲ್ಲಿ ನಾನು ದಿನಾ ಬಸ್ಸು ಓಡಿಸಿದೆ. ಅದನ್ನು ನೀನು ಮರೆಯಬಾರದು, ನಾನೂ ಮರೆಯುವುದಿಲ್ಲ.

ನಿನ್ನ ಕಾಗದದಲ್ಲಿ ಒಂದು ಮಾತು ಇರಲಿಲ್ಲ. ಮ್ಯಾನೇಜರ್ ಹೊರಗೆ ಮೆಟ್ಟಿಲ ಹತ್ತಿರ ನಿನಗೆ ಏನಂದ ಎಂದು ನಿನ್ನ ಭಾವ ಹೇಳಿದರು. ಆ ಮನುಷ್ಯ ಆ ದಿನ ನಿಜಕ್ಕೂ ಎಚ್ಚರವಾಗಿದ್ದರು. ಯಾವ ಊರಲ್ಲೂ ನಿನಗೆ ಇನ್ನು ಕೆಲಸ ಸಿಗದ ಹಾಗೆ ನೋಡಿಕೊಳ್ಳುತ್ತೇನೆ ಅಂದನಂತೆ. ನೀನು "ನೋಡ್ಕೊಳ್ಳಿ" ಅಂದೆಯಂತೆ.

ಹಾಗಾದರೆ ಕೇಳು. ನಾನು ಓಡಿಸುವ ದಾರಿಯಲ್ಲಿ ಅಂಥವೇ ಏಳು ಪರದೆಗಳಿವೆ. ಒಂದರ ಎದುರಿನ ಮನೆಯಲ್ಲಿ ಹೆರಿಗೆಯಾದವಳು ಇದ್ದಾಳೆ, ಇನ್ನೊಂದರ ಎದುರು ರಾತ್ರಿ ಪಾಳಿ ಮುಗಿಸಿ ಬಂದು ಮಲಗುವ ನರ್ಸುಗಳ ಹಾಸ್ಟೆಲ್ಲು. ಅಲ್ಲಿ ಹಗಲಲ್ಲೂ ಅದು ಉರಿಯುತ್ತದೆ. ಬಸ್ಸು ಹತ್ತುವಾಗ ಒಬ್ಬೊಬ್ಬರೇ ನನ್ನ ಹತ್ತಿರ ಹೇಳತೊಡಗಿದ್ದಾರೆ. ಅಂಥ ಪ್ರತಿ ಮನೆಯಲ್ಲೂ ನಾವು ತೆಗೆಯಬೇಕಾದದ್ದು ಒಂದೇ ಜಾಗದಿಂದ ಎರಡು ಫೋಟೋ, ಏನನ್ನೂ ಬದಲಿಸದೆ. ಒಂದು ಬೀದಿಯ ಕಡೆಗೆ, ಒಂದು ಕೋಣೆಯ ಕಡೆಗೆ. ಇದನ್ನು ಸರಿಯಾಗಿ ಮಾಡಲು ನಿನಗೆ ಬರುತ್ತದೆ. ನಾನು ಪಟ್ಟಿ ಮಾಡಿದ್ದೇನೆ. ನನಗೆ ಭಾನುವಾರ ರಜೆ.

ಶನಿವಾರದ ರೈಲಿಗೆ ಬಾ. ಅದು ಬರುವುದು ಒಂಬತ್ತೂವರೆಗೆ, ಅಷ್ಟು ಹೊತ್ತಿಗೆ ನಾನು ಮಲಗಿರುತ್ತೇನೆ. ಕಾಯುವುದಿಲ್ಲ. ಬಾಗಿಲ ಬೀಗದ ಕೈ ಕೆಳಗಿನ ಮನೆಯವರ ಹತ್ತಿರ ಕೊಟ್ಟಿರುತ್ತೇನೆ. ನಿನ್ನ ಭಾವನನ್ನು ಅಡುಗೆಮನೆಗೆ ಅಟ್ಟಿರುತ್ತೇನೆ. ಮೆತ್ತಗೆ ಬಾ, ಗೋಡೆ ಹಿಡಿದುಕೊಂಡು ಬಾ, ನನ್ನ ಕಾಲು ತುಳಿಯದೆ ಗೋಡೆಯ ಕಡೆ ಮಲಗಿಕೋ.

ದೀಪ ಹಾಕಿದರೆ ನೋಡು.

ನಿನ್ನ ಅಕ್ಕ